ಸಿಎ ಪಾಸಾಯ್ತು, ಥ್ಯಾಂಕ್ಸ್ ಲಿಸ್ಟಲ್ಲಿ ಒಬ್ಳು ಸ್ಕೇಟರ್ರೂ ಇದಾಳೆ

ಎಲ್ರಿಗೂ ನಮಸ್ಕಾರ. ಸಿಎ ಫೈನಲ್ ಆಯ್ತು, ಎರಡೂ ಗ್ರೂಪು ಕ್ಲಿಯರ್ರು! ರಿಸಲ್ಟ್ ಬಂದಾಗಿಂದ ಫೋನ್ ಮಾಡಿದೋರು, ಸ್ಟೇಟಸ್ ಹಾಕಿದೋರು, ಮನೆಗೇ ಬಂದು ಸ್ವೀಟ್ ಕೊಟ್ಟು ಹೋದೋರು, ಎಲ್ರಿಗೂ ತುಂಬಾ ತುಂಬಾ ಥ್ಯಾಂಕ್ಸ್, ರಿಪ್ಲೈ ಲೇಟಾದ್ರೆ ಬೇಜಾರ್ ಮಾಡ್ಕೋಬೇಡಿ. ಟ್ಯಾಕ್ಸ್ ಆಡಿಟ್ ಗಲಾಟೆ ಮಧ್ಯೆನೂ "ನೀನು ಹೋಗಮ್ಮ, ಓದ್ಕೋ, ಇಲ್ಲಿ ನಾವ್ ನೋಡ್ಕೋತೀವಿ" ಅಂದ ನಮ್ ಪ್ರಿನ್ಸಿಪಲ್ ಸರ್‌ಗೆ (ಕಾಲೇಜಿಂದಲ್ಲ, ನಾನು ಟ್ರೇನಿಂಗ್ ಮಾಡಿದ ಸಿಎ) ಥ್ಯಾಂಕ್ಸ್. ರಾತ್ರಿ ಲೈಟ್ ಉರೀತಾ ಇದ್ರೂ ಮುಸುಕು ಹಾಕ್ಕೊಂಡು ಮಲಗ್ತಿದ್ದ ರೂಮ್‌ಮೇಟ್‌ಗೆ ಥ್ಯಾಂಕ್ಸ್. ಅಪ್ಪ ಅಮ್ಮನ ಬಗ್ಗೆ ಇಲ್ಲಿ ಬರೆಯಲ್ಲ, ಬರೆದ್ರೆ ಇಬ್ರೂ ಓದಿ ನನ್ನ ಎದುರಿಗೇ ಕೂತು ಅಳ್ತಾರೆ, ಅದು ನಂಗಾಗಲ್ಲ.

ಇನ್ನೊಬ್ರು ಬಾಕಿ. ಅವ್ರಿಗೆ ಕನ್ನಡ ಬರಲ್ಲ, ನಾನ್ಯಾರು ಅಂತಾನೂ ಗೊತ್ತಿಲ್ಲ. ಹೆಸ್ರು ಮಾವೊ ಅಸಾದ, ಜಪಾನಿನ ನಗೋಯಾದೋಳು, ಫಿಗರ್ ಸ್ಕೇಟರ್, ಅಂದ್ರೆ ಐಸ್ ಮೇಲೆ ಮ್ಯೂಸಿಕ್ಕಿಗೆ ಜಾರ್ತಾ, ಹಾರ್ತಾ, ತಿರುಗ್ತಾ ಆಡೋಳು. ನಮ್ಮನೇಲಿ "ಆ ಐಸ್ ಹುಡುಗಿ". "ಮತ್ತೆ ಆ ಐಸ್ ಹುಡುಗಿ ವಿಡಿಯೋ ಹಾಕ್ಕೊಂಡ್ಯಾ, ಅನ್ನ ಆರೋಗ್ತಿದೆ ಬಾರೆ" ಅಂತ ಅಮ್ಮ ಕೂಗ್ತಿದ್ದ ವಿಡಿಯೋ ಯಾವ್ದು ಅಂದ್ರೆ 2014ರ ಸೋಚಿ ಒಲಿಂಪಿಕ್ಸ್‌ದು.

ಗೊತ್ತಿಲ್ದೋರಿಗೆ ಸ್ವಲ್ಪ ಹೇಳ್ತೀನಿ. ಈ ಆಟದಲ್ಲಿ ಎರಡು ಸಲ ಆಡ್ಬೇಕು, ಮೊದ್ಲು ಶಾರ್ಟ್ ಪ್ರೋಗ್ರಾಮು, ಆಮೇಲೆ ಇನ್ನೊಂದು ದಿನ ಫ್ರೀ ಸ್ಕೇಟು, ಎರಡರ ಮಾರ್ಕ್ಸೂ ಕೂಡಿಸಿ ರ‍್ಯಾಂಕು. ಮಾವೊ ಅಷ್ಟೊತ್ತಿಗೆ ಎರಡು ಸಲ ವರ್ಲ್ಡ್ ಚಾಂಪಿಯನ್, 2010ರ ವ್ಯಾಂಕೂವರಲ್ಲಿ ಬೆಳ್ಳಿ, ಇಡೀ ಜಪಾನ್ ಈ ಸಲ ಚಿನ್ನ ಅಂತ ಕೂತಿತ್ತು. ಫೆಬ್ರವರಿ 19ಕ್ಕೆ ಶಾರ್ಟಲ್ಲಿ ಮೊದಲನೇ ಜಂಪಿಗೇ ಬಿದ್ಲು, ಅದಾದ್ಮೇಲೆ ಉಳಿದಿದ್ದೂ ಕೆಟ್ಟು 55.51 ಬಂತು, 16ನೇ ಸ್ಥಾನ. ಮೆಡಲ್ ಕಥೆ ಅಲ್ಲಿಗೆ ಮುಗೀತು. ಅವ್ಳದೇ ದೇಶದ ಮಾಜಿ ಪ್ರಧಾನಿ ಒಬ್ರು, ಮುಖ್ಯವಾದ ಟೈಮಲ್ಲೇ ಈ ಹುಡುಗಿ ಬೀಳ್ತಾಳೆ ಅಂತ ಭಾಷಣದಲ್ಲಿ ಹೇಳಿದ್ರು. (ಇಂಥ ದೊಡ್ಡೋರು ನಮ್ ಕಡೆ ಮದ್ವೆ ಮನೇಲೂ ಸಿಗ್ತಾರೆ ಬಿಡಿ, ಪಂಕ್ತೀಲಿ ಪಕ್ಕದಲ್ಲೇ ಕೂರ್ತಾರೆ.)

ಮಾರನೇ ದಿನ ನೀಲಿ ಡ್ರೆಸ್ಸಲ್ಲಿ ಬಂದು ಮೊದಲು ಹಾಕಿದ್ದೇ ಹಿಂದಿನ ದಿನ ಬೀಳಿಸಿದ ಅದೇ ಜಂಪು, ಟ್ರಿಪಲ್ ಆಕ್ಸೆಲ್. ಬೇರೆ ಜಂಪೆಲ್ಲಾ ಹಿಮ್ಮುಖವಾಗಿ ಜಾರ್ತಾ ಹಾರೋದು, ಆಕ್ಸೆಲ್ ಒಂದೇ ಮುಂದಕ್ಕೆ ನೋಡ್ತಾ ಹಾರೋದು, ಇಳಿಯೋದು ಮಾತ್ರ ಹಿಮ್ಮುಖವಾಗೇ, ಅದಕ್ಕೇ ಅರ್ಧ ಸುತ್ತು ಎಕ್ಸ್‌ಟ್ರಾ, ಅಂದ್ರೆ ಗಾಳೀಲಿ ಮೂರೂವರೆ ಸುತ್ತು ತಿರುಗಿ ಒಂದೇ ಕಾಲಿನ ಮೇಲೆ ಇಳೀಬೇಕು. ಆ ಕಾಲದಲ್ಲಿ ಹೆಂಗಸ್ರಲ್ಲಿ ಅದಕ್ಕೆ ಕೈ ಹಾಕ್ತಿದ್ದೋರೇ ಕಮ್ಮಿ. ಅದನ್ನ ತೆಗೆದು ಸುಲಭದ್ದು ಹಾಕಿದ್ರೆ ಯಾರೂ ಏನೂ ಅಂತಿರ್ಲಿಲ್ಲ. ಅವ್ಳು ತೆಗೀಲಿಲ್ಲ. ಇಳಿದ್ಲು. ಆಮೇಲೆ ಒಂದರ ಹಿಂದೆ ಒಂದು ಜಂಪು, ಕೊನೇಲಿ ಮುಖ ಮೇಲೆತ್ತಿ ನಿಂತಾಗ ತಡೀದೆ ಅಳು ಬಂತು, ಆಮೇಲೆ ಕಣ್ಣಲ್ಲಿ ನೀರಿಟ್ಕೊಂಡೇ ನಕ್ಕು ಬಗ್ಗಿ ನಮಸ್ಕಾರ ಮಾಡಿದ್ಲು.

ಎಲ್ರೂ ಹೇಳೋದು ಆ ಅಳು ಬಗ್ಗೆ, ಮೆಡಲ್ ಇಲ್ದಿದ್ರೂ ಮನಸ್ಸು ಗೆದ್ಲು ಅಂತ. ನಂಗೆ ಈ ಸಮಾಧಾನದ ಮಾತು ಕಂಡ್ರೇ ಆಗಲ್ಲ. ನಂಗಿಷ್ಟ ಆಗಿದ್ದು 142.71. ಅವತ್ತಿನ ಫ್ರೀ ಸ್ಕೇಟಲ್ಲಿ ಅದು ಮೂರನೇ ಬೆಸ್ಟ್ ಸ್ಕೋರು, ಮಾರ್ಕ್ಸ್ ಶೀಟಲ್ಲೇ ಇದೆ, ಯಾರ ಅಯ್ಯೋ ಪಾಪಾನೂ ಬೇಡ. ಟೋಟಲ್ 198.22, ಆರನೇ ಸ್ಥಾನ. ಒಂದು ಪೇಪರ್ ಕೈ ಕೊಟ್ಟು ಅಗ್ರಿಗೇಟಲ್ಲಿ (ಒಟ್ಟು ಮಾರ್ಕ್ಸಲ್ಲಿ) ಹೋಗೋದು ಅಂದ್ರೇನು ಅಂತ ನಮ್ ಸಿಎ ಮಂದಿಗೆ ಬಿಡಿಸಿ ಹೇಳೋದೇ ಬೇಡ. "ಬಿಟ್ಬಿಡು, ಬ್ಯಾಂಕ್ ಎಕ್ಸಾಮ್ ಕಟ್ಟು" ಅಂತ ಸುತ್ತ ಎಲ್ರೂ ಹೇಳ್ತಿದ್ದ ಟೈಮಲ್ಲಿ, ಮಿಕ್ಕ ಪೇಪರ್‌ಗಳ ಮಾರ್ಕ್ಸೂ ನನ್ನದೇ ಅಲ್ವಾ ಅಂತ ಪುಸ್ತಕ ಮತ್ತೆ ತೆಗ್ದಿದ್ದು ಈ 142.71 ನೋಡೇ.

ಉಳಿದ ಕಥೆ ಆಮೇಲೆ ಓದಿದ್ದು. 2006ರ ಒಲಿಂಪಿಕ್ಸಿಗೆ ವಯಸ್ಸು 87 ದಿನ ಕಮ್ಮಿ ಬಿದ್ದು ಹೋಗೋಕೇ ಆಗ್ಲಿಲ್ಲವಂತೆ. 2011ರ ಡಿಸೆಂಬರಲ್ಲಿ ಕೆನಡಾದಲ್ಲಿ ಕಾಂಪಿಟೀಶನ್‌ಗೆ ಹೋಗಿದ್ದಾಗ ಅಮ್ಮಂಗೆ ಸೀರಿಯಸ್ ಅಂತ ಎಲ್ಲಾ ಬಿಟ್ಟು ವಾಪಸ್ ಹೊರಟ್ಲು, ಅಮ್ಮ ತೀರ್ಕೊಂಡ್ರು, ಅದೇ ತಿಂಗ್ಳು ನ್ಯಾಶನಲ್ಸ್ ಆಡಿ ಗೆದ್ಲು. ಇದನ್ನ ಓದಿ ನಂಗೆ ಸ್ಫೂರ್ತಿ ಗೀರ್ತಿ ಏನೂ ಬರ್ಲಿಲ್ಲ, ಬರೀ ಸಂಕಟ ಆಯ್ತು. ಸೋಚಿ ಆಗಿ ಮುಂದಿನ ತಿಂಗ್ಳೇ ಜಪಾನಿನ ಸೈತಾಮಾದಲ್ಲಿ ಮೂರನೇ ಸಲ ವರ್ಲ್ಡ್ ಚಾಂಪಿಯನ್, ಅದೂ ಅದೇ ಶಾರ್ಟಲ್ಲಿ 78.66, ಆಗಿನ ವಿಶ್ವದಾಖಲೆ. 2016ರ ನ್ಯಾಶನಲ್ಸಲ್ಲಿ 12ನೇ ಸ್ಥಾನಕ್ಕಿಳಿದ್ಲು, 2017ರ ಏಪ್ರಿಲಲ್ಲಿ ರಿಟೈರಾದ್ಲು. ಈಗ ಟೋಕಿಯೋದ ತಾಚಿಕಾವಾದಲ್ಲಿ ಅವ್ಳ ಹೆಸರಲ್ಲೇ ಒಂದು ಐಸ್ ಸ್ಕೇಟಿಂಗ್ ರಿಂಕ್ ಇದೆ.

ಮಾವೊ ಅವ್ರೇ, ಥ್ಯಾಂಕ್ಯೂ ರೀ. ಆಕ್ಸೆಲ್ ತೆಗೀದೇ ಇದ್ದಿದ್ದಕ್ಕೆ.

ಪಾರ್ಟಿ ಕೇಳ್ತಿರೋರಿಗೆ, ಮೊದಲ್ನೇ ಸಂಬಳ ಬರ್ಲಿ ಇರ್ರಪ್ಪ. ಮುಂದಿನ ಅಟೆಂಪ್ಟ್ ಕಟ್ಟಿರೋರು ನೋಟ್ಸ್ ಬೇಕಿದ್ರೆ ಮೆಸೇಜ್ ಮಾಡಿ, ಎಲ್ಲಾ ಇದೆ, ಜಿಎಸ್‌ಟಿದು ಬಿಟ್ಟು. ಅದನ್ನ ಯಾರೋ ತಗೊಂಡ್ ಹೋಗಿ ವಾಪಸ್ ಕೊಟ್ಟಿಲ್ಲ, ಯಾರು ಅಂತ ಅವ್ರಿಗೇ ಗೊತ್ತು.