ನೀಲಿ ಪರದೆಯನ್ನು ಓದದೆ ಫಾರ್ಮ್ಯಾಟ್ ಮಾಡಬೇಡಿ

ಮಾನ್ಯ ಸಂಪಾದಕರೇ,

ಕಂಪ್ಯೂಟರ್ ಕೈಕೊಟ್ಟಿತು ಅಂದರೆ ನಮ್ಮ ಕಡೆ ಸಿಗುವ ಉತ್ತರ ಒಂದೇ: 'ವೈರಸ್ ಇರಬೇಕು, ಫಾರ್ಮ್ಯಾಟ್ ಮಾಡೋಣ.' ಯಾವಾಗ ಕೈಕೊಡುತ್ತದೆ, ಏನು ಮಾಡುವಾಗ ಕೈಕೊಡುತ್ತದೆ ಅಂತ ಕೇಳುವವರು ಕಡಿಮೆ. ಮನೆಯಲ್ಲೇ ಕೂತು ಕಂಪ್ಯೂಟರ್ ನಂಬಿ ದುಡಿಯುವವರಿಗೆ ಇದರಿಂದ ಆಗುವ ನಷ್ಟ ಸಣ್ಣದಲ್ಲ. ಅದಕ್ಕೇ ಈ ಪತ್ರ.

ನಾನು ಸಾಗರದಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ. ಮದುವೆ ಕರೆಯೋಲೆ, ಗೃಹಪ್ರವೇಶದ ಕಾರ್ಡು, ಸಂಘಗಳ ಸ್ಮರಣ ಸಂಚಿಕೆ, ಸೊಸೈಟಿಗಳ ವಾರ್ಷಿಕ ವರದಿ, ಹೀಗೆ. ಮಹಡಿ ಮೇಲಿನ ಕಂಪ್ಯೂಟರಿನಲ್ಲಿ ಡಿಸೈನ್. ಕೆಳಗಿನದರಲ್ಲಿ ಪ್ರಿಂಟರು ಮತ್ತು ಹಳೆಯ ಕೆಲಸಗಳೆಲ್ಲ. ಎರಡಕ್ಕೂ ರೌಟರಿನಿಂದ ಕೇಬಲ್ ಎಳೆಸಿ, ಫೋಲ್ಡರ್ ಶೇರ್ ಮಾಡಿಕೊಂಡಿದ್ದೇನೆ.

ಕಳೆದ ಮದುವೆ ಸೀಸನ್ನಿನಲ್ಲಿ ಮೇಲಿನ ಕಂಪ್ಯೂಟರ್ ತೊಂದರೆ ಕೊಡಲು ಶುರು ಮಾಡಿತು. ದಿನವಿಡೀ ಟೈಪ್ ಮಾಡಿದರೂ ಏನೂ ಆಗುತ್ತಿರಲಿಲ್ಲ. ಇಂಟರ್ನೆಟ್ ಚೆನ್ನಾಗಿತ್ತು. ಸಣ್ಣ ಫೈಲುಗಳೂ ಕೆಳಕ್ಕೆ ಹೋಗುತ್ತಿದ್ದವು. ಆದರೆ ಸ್ಕ್ಯಾನ್ ಮಾಡಿದ ಫೋಟೋಗಳಿರುವ ದೊಡ್ಡ ಫೋಲ್ಡರ್ ಕಳಿಸಿದರೆ ಮುಗೀತು. ಕಾಪಿಯ ಹಸಿರು ಪಟ್ಟಿ ಅರ್ಧಕ್ಕೆ ಬರುವಷ್ಟರಲ್ಲಿ ಪರದೆ ನೀಲಿಯಾಗುತ್ತಿತ್ತು. ಏನು ಬರೆದಿದೆ ಅಂತ ಓದುವುದರೊಳಗೆ ಕಂಪ್ಯೂಟರ್ ತಾನಾಗಿಯೇ ರೀಸ್ಟಾರ್ಟ್ ಆಗುತ್ತಿತ್ತು.

ರಿಪೇರಿ ಅಂಗಡಿಯ ಹುಡುಗ ಮನೆಗೆ ಬಂದ. ಹೊರಗಿನ ಬೇಡದ ಸಂಪರ್ಕಗಳನ್ನು ತಡೆಯುವ ಫೈರ್‌ವಾಲ್ ಆಫ್ ಮಾಡಿದ. ಎಸ್‌ಎಂಬಿ 1 ಅನ್ನುವ, ಫೈಲು ಹಂಚಿಕೊಳ್ಳುವ ಹಳೆಯ ಪದ್ಧತಿಯನ್ನು ಆನ್ ಮಾಡಿದ. ಇಡೀ ಸಿ ಡ್ರೈವನ್ನೇ ಎಲ್ಲರಿಗೂ ತೆರೆದಿಟ್ಟ. ಏನೂ ಪ್ರಯೋಜನ ಆಗಲಿಲ್ಲ. ಕೊನೆಗೆ, 'ಫಾರ್ಮ್ಯಾಟೇ ಆಗ್ಬೇಕು ಮೇಡಂ' ಅಂದ.

ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳನ್ನು ಕಲಸಿಬಿಡುತ್ತಾರೆ. ಇನ್ನೊಂದು ಕಂಪ್ಯೂಟರ್ ಕಾಣುತ್ತಿಲ್ಲ, ಪಾಸ್‌ವರ್ಡ್ ಒಪ್ಪುತ್ತಿಲ್ಲ ಅಂದರೆ ಅದು ಶೇರಿಂಗ್ ಸೆಟ್ಟಿಂಗಿನ ವಿಷಯ. ಸೆಟ್ಟಿಂಗ್ ತಪ್ಪಿದ್ದರೆ ಫೈಲು ಹೋಗುವುದಿಲ್ಲ, ಅಷ್ಟೇ. ಕಾಪಿ ಆಗುತ್ತಾ ಆಗುತ್ತಾ ಕಂಪ್ಯೂಟರೇ ನಿಂತುಹೋದರೆ ಡ್ರೈವರ್ (ಕಂಪ್ಯೂಟರಿನ ಒಂದೊಂದು ಭಾಗವನ್ನು ನಡೆಸುವ ತಂತ್ರಾಂಶ), ರ್‍ಯಾಮ್, ಡಿಸ್ಕ್, ಪವರ್ ಸಪ್ಲೈ ಇಂಥವುಗಳ ಕಡೆ ನೋಡಬೇಕು. ಅದಕ್ಕೆ ಫೈರ್‌ವಾಲ್ ತೆಗೆದು ಏನು ಬಂತು? ಎಸ್‌ಎಂಬಿ 1 ಅಂತೂ ವಿಂಡೋಸ್ ಎಕ್ಸ್‌ಪಿ ಕಾಲದ ಪದ್ಧತಿ. ವಿಂಡೋಸ್ 7ಕ್ಕೂ ಅದು ಬೇಕಿಲ್ಲ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಅನ್ನುವ ಕುತಂತ್ರಾಂಶ ಅದರಲ್ಲಿದ್ದ ಲೋಪವನ್ನೇ ಹಿಡಿದು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹಬ್ಬಿತು. ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳ ಕೆಲಸವೇ ಅಸ್ತವ್ಯಸ್ತ ಆಯಿತು. ಮೈಕ್ರೋಸಾಫ್ಟೇ ಬಳಸಬೇಡಿ ಅನ್ನುವ ಆ ಬಾಗಿಲನ್ನು ಮನೆಮನೆಯಲ್ಲೂ ತೆರೆದಿಟ್ಟು ಹೋಗುವುದು ಎಷ್ಟು ಸರಿ?

ನಾನು ಫಾರ್ಮ್ಯಾಟಿಗೆ ಒಪ್ಪಲಿಲ್ಲ. ನಮ್ಮ ಕೆಲಸದಲ್ಲಿ ಫಾರ್ಮ್ಯಾಟ್ ಅಂದರೆ ಏನು ಅಂತ ಹೊರಗಿನವರಿಗೆ ಗೊತ್ತಾಗುವುದು ಕಷ್ಟ. ಕನ್ನಡ ಟೈಪಿಂಗಿನ 'ನುಡಿ' ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಮಾಡಿದ ಪುಟವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡವೇ ಕಾಣುವುದಿಲ್ಲ, ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ಎಲ್ಲೆಲ್ಲಿಂದಲೋ ಕೂಡಿಸಿದ ಫಾಂಟುಗಳು, ಕೋರಲ್‌ಡ್ರಾದಲ್ಲಿ ನಾವೇ ಹೊಂದಿಸಿಕೊಂಡ ಅಳತೆಗಳು, ಡೆಸ್ಕ್‌ಟಾಪ್ ಮೇಲಿರುವ ಅರ್ಧ ಮುಗಿದ ಕೆಲಸ, ಎಲ್ಲ ಹೋಗುತ್ತವೆ. ಇಷ್ಟೆಲ್ಲ ಕಳೆದುಕೊಂಡರೂ ತೊಂದರೆ ಹೋಗುತ್ತದೆ ಅನ್ನುವ ಭರವಸೆ ಇಲ್ಲ. ಡ್ರೈವರ್ ಕಾರಣವಾಗಿದ್ದರೆ ವಿಂಡೋಸ್ ಅಪ್‌ಡೇಟ್ ಅದನ್ನೇ ಮತ್ತೆ ತಂದು ಕೂರಿಸಬಹುದು. ರ್‍ಯಾಮ್ ಕೆಟ್ಟಿದ್ದರೆ ನೂರು ಸಲ ಫಾರ್ಮ್ಯಾಟ್ ಮಾಡಿದರೂ ಕೆಟ್ಟ ರ್‍ಯಾಮ್ ಕೆಟ್ಟದ್ದೇ.

ದಾರಿ ತೋರಿಸಿದ್ದು ನನ್ನ ಅಕ್ಕನ ಮಗ, ಫೋನಿನಲ್ಲೇ. 'ಚಿಕ್ಕಮ್ಮ, ಸುಮ್ನೆ ಫಾರ್ಮ್ಯಾಟ್ ಮಾಡಿಸ್ಬೇಡ. ಮೊದ್ಲು ಆ ನೀಲಿ ಪರದೆ ಓಡಿಹೋಗದ ಹಾಗೆ ಮಾಡು' ಅಂದ. ಸಿಸ್ಟಮ್ ಪ್ರಾಪರ್ಟೀಸ್‌ನ ಅಡ್ವಾನ್ಸ್ಡ್ ಪುಟದಲ್ಲಿ ಸ್ಟಾರ್ಟಪ್ ಆ್ಯಂಡ್ ರಿಕವರಿ ಅಂತ ಇದೆ. ಅಲ್ಲಿ 'ಆಟೊಮ್ಯಾಟಿಕಲಿ ರೀಸ್ಟಾರ್ಟ್' ಮುಂದಿನ ಗುರುತು ತೆಗೆದರೆ ನೀಲಿ ಪರದೆ ಹಾಗೇ ನಿಲ್ಲುತ್ತದೆ. ನಿಂತಾಗ ಮೊಬೈಲಿನಲ್ಲಿ ಫೋಟೋ ತೆಗೆದೆ. 'ಡ್ರೈವರ್ ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್' ಅಂತ ಇತ್ತು. ಅದರ ಕೆಳಗೆ 'ವಾಟ್ ಫೇಲ್ಡ್' ಅಂತ ಬರೆದು, ಡಾಟ್ ಸಿಸ್ ಎಂದು ಮುಗಿಯುವ ಒಂದು ಫೈಲಿನ ಹೆಸರು. ಅದು ನೆಟ್‌ವರ್ಕ್ ಕಾರ್ಡಿನ ಡ್ರೈವರ್! ಕಂಪ್ಯೂಟರ್ ಪ್ರತಿಸಲವೂ ಹೆಸರು ಹೇಳಿಯೇ ಬೀಳುತ್ತಿತ್ತು.

ಹೆಸರು ಸಿಕ್ಕಿತು ಅಂತ ತಕ್ಷಣ ಅದನ್ನೇ ನಂಬಲಿಲ್ಲ. ಅದೇ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿ ನೋಡಿದೆ, ಸರಾಗವಾಗಿ ಹೋಯಿತು. ಅಂದರೆ ಡಿಸ್ಕ್ ಮೇಲೆ ಅನುಮಾನ ಕಡಿಮೆ. ಕೇಬಲ್ ಕಿತ್ತು ವೈಫೈನಲ್ಲಿ ಕಳಿಸಿದೆ. ನಿಧಾನವಾಗಿ ಹೋಯಿತು, ಆದರೆ ಪೂರ್ತಿ ಹೋಯಿತು. ಕೇಬಲ್ ಹಾಕಿದರೆ ಮಾತ್ರ ನೀಲಿ. ಡಿವೈಸ್ ಮ್ಯಾನೇಜರಿನಲ್ಲಿ ಆ ಕಾರ್ಡಿನ ಡ್ರೈವರ್ ಪುಟ ತೆರೆದು 'ರೋಲ್ ಬ್ಯಾಕ್' ಒತ್ತಿ ಹಿಂದಿನ ಡ್ರೈವರಿಗೆ ಹೋದೆ. ದೊಡ್ಡ ಫೋಲ್ಡರ್ ಒಂದೇ ಏಟಿಗೆ ಕೆಳಗೆ ಇಳಿಯಿತು. ಈಗ ಮದರ್‌ಬೋರ್ಡ್ ಕಂಪನಿಯ ತಾಣದಲ್ಲೇ ಇರುವ ಡ್ರೈವರ್ ಹಾಕಿಕೊಂಡಿದ್ದೇನೆ. ಮತ್ತೆ ನೀಲಿ ಪರದೆ ಬಂದಿಲ್ಲ.

'ಇಂಟರ್ನೆಟ್ ಚೆನ್ನಾಗಿದೆಯಲ್ಲ, ನೆಟ್‌ವರ್ಕ್ ಕಾರ್ಡ್ ಹೇಗೆ ಕೆಡುತ್ತೆ?' ಅಂತ ಆ ಹುಡುಗ ಕೇಳಿದ್ದ. ನಮ್ಮ ಮನೆಯ ಇಂಟರ್ನೆಟ್ 40 ಎಂಬಿಪಿಎಸ್. ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 5 ಮೆಗಾಬೈಟ್. ಮನೆಯೊಳಗಿನ ಗಿಗಾಬಿಟ್ ಕೇಬಲಿನಲ್ಲಿ ಸೆಕೆಂಡಿಗೆ 100 ಮೆಗಾಬೈಟಿಗೂ ಜಾಸ್ತಿ ಓಡುತ್ತದೆ. ಖಾಲಿ ಗಾಡಿಯಲ್ಲಿ ಗೊತ್ತಾಗದ ಅಚ್ಚಿನ ಬಿರುಕು ಭತ್ತದ ಮೂಟೆ ಹೇರಿದಾಗ ಗೊತ್ತಾಗುವ ಹಾಗೆ, ಡ್ರೈವರಿನ ದೋಷ ದೊಡ್ಡ ಕಾಪಿಯಲ್ಲೇ ಹೊರಬಿತ್ತು.

ಎಲ್ಲರ ಮನೆಯಲ್ಲೂ ಕಾರಣ ಇದೇ ಅಂತ ನಾನು ಹೇಳುತ್ತಿಲ್ಲ. ನಮ್ಮ ಹಿಂದಿನ ಬೀದಿಯ ನಿವೃತ್ತ ಮೇಷ್ಟ್ರ ಕಂಪ್ಯೂಟರಿಗೂ ಇದೇ ಕಾಯಿಲೆ ಇತ್ತು. ಆದರೆ ಅಲ್ಲಿ ನೀಲಿ ಪರದೆಯಲ್ಲಿ ಪ್ರತಿಸಲ ಬೇರೆ ಬೇರೆ ಹೆಸರು. ಪೆನ್‌ಡ್ರೈವಿಗೆ ಹಾಕಿದರೂ ಬೀಳುತ್ತಿತ್ತು. ವಿಂಡೋಸಿನಲ್ಲೇ ಇರುವ ಮೆಮೊರಿ ಡಯಾಗ್ನೋಸ್ಟಿಕ್ ಓಡಿಸಿದಾಗ ರ್‍ಯಾಮ್ ಕೆಟ್ಟಿದೆ ಅಂತ ಬಂತು. ಎರಡು ರ್‍ಯಾಮ್‌ಗಳಲ್ಲಿ ಒಂದೊಂದನ್ನೇ ಹಾಕಿ ನೋಡಿ, ಕೆಟ್ಟದ್ದನ್ನು ಬದಲಾಯಿಸಿದರು. ಕೆಲವು ಕಡೆ ಎರಡೆರಡು ಆ್ಯಂಟಿವೈರಸ್ ಒಟ್ಟಿಗೆ ಇದ್ದು ಕಿತ್ತಾಡುತ್ತವೆ. ನೀಲಿ ಪರದೆಯೇ ಬಾರದೆ ತಟಕ್ಕನೆ ಆಫ್ ಆದರೆ ಧೂಳು, ಬಿಸಿ, ಪವರ್ ಸಪ್ಲೈ (ಎಸ್‌ಎಂಪಿಎಸ್) ನೋಡಬೇಕು. ವಿಂಡೋಸಿನ ಆಗುಹೋಗುಗಳ ದಾಖಲೆ ತೋರಿಸುವ ಈವೆಂಟ್ ವ್ಯೂವರಿನಲ್ಲಿ 'ಕರ್ನಲ್ ಪವರ್ 41' ಎಂದು ತೋರಿಸಿ ಇದೇ ಕಾರಣ ಅನ್ನುವವರಿದ್ದಾರೆ. ಅದು ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತು ಅಂತ ಮಾತ್ರ ಹೇಳುತ್ತದೆ. ಯಾಕೆ ನಿಂತಿತು ಅನ್ನುವುದು ಅದರಲ್ಲಿಲ್ಲ.

ಮಲೆನಾಡಿನವರಿಗೆ ಇನ್ನೊಂದು ಮಾತು. ಗುಡುಗು ಶುರುವಾದ ಕೂಡಲೇ ಕಂಪ್ಯೂಟರಿನ ಪ್ಲಗ್ ಕೀಳುತ್ತೇವೆ, ನೆಟ್‌ವರ್ಕ್ ಕೇಬಲ್ ಹಾಗೇ ಬಿಡುತ್ತೇವೆ. ರೌಟರ್ ಕರೆಂಟಿನಲ್ಲೇ ಇದ್ದರೆ ಸಿಡಿಲಿನ ಹೊಡೆತ ಆ ತಾಮ್ರದ ತಂತಿಯಲ್ಲೇ ಬಂದು ಕಂಪ್ಯೂಟರಿನ ಲ್ಯಾನ್ ಪೋರ್ಟ್ ಸುಡಬಹುದು. ಅದನ್ನೂ ಕೀಳಿ.

ರಿಪೇರಿಯವರ ಕಷ್ಟವೂ ನನಗೆ ಗೊತ್ತು. ಫಾರ್ಮ್ಯಾಟಿಗೆ ದುಡ್ಡು ಕೊಡುವ ನಾವು ಒಂದು ಗಂಟೆ ಕೂತು ಕಾರಣ ಹುಡುಕಿದ್ದಕ್ಕೆ ಕೊಡುವುದಿಲ್ಲ. ಕೊಡೋಣ. ಆದರೆ ಅವರೂ ಬಿಲ್ಲಿನಲ್ಲಿ ಏನು ಕೆಟ್ಟಿತ್ತು, ಹೇಗೆ ಗೊತ್ತಾಯಿತು ಅಂತ ಎರಡು ಸಾಲು ಬರೆದುಕೊಡಲಿ. ಆನ್ ಮಾಡಿದ್ದನ್ನು ಆಫ್ ಮಾಡಿ ಹೋಗಲಿ. ಫಾರ್ಮ್ಯಾಟ್ ಮಾಡಲೇಬೇಕಾದರೆ ಮೊದಲು ಫೈಲು, ಫಾಂಟುಗಳ ಬ್ಯಾಕಪ್ ತೆಗೆದು ನಮಗೆ ತೋರಿಸಲಿ.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ಹೊಸ ಮೊಬೈಲುಗಳ ಬಗ್ಗೆ ಬರೆಯುವ ಹಾಗೆ, ನೀಲಿ ಪರದೆಯಲ್ಲಿ ಸಾಮಾನ್ಯವಾಗಿ ಬರುವ ಸಾಲುಗಳಿಗೆ ಕನ್ನಡದಲ್ಲಿ ಅರ್ಥ, ಏನು ಪರೀಕ್ಷೆ ಮಾಡಬೇಕು ಅನ್ನುವ ವಿವರವನ್ನು ಪತ್ರಿಕೆಯಲ್ಲಿ ಒಂದು ಸಲ ಪ್ರಕಟಿಸಿ. ಕತ್ತರಿಸಿ ಕಂಪ್ಯೂಟರಿನ ಪಕ್ಕದ ಗೋಡೆಗೆ ಅಂಟಿಸಿಕೊಳ್ಳುವವರು ನಮ್ಮೂರಲ್ಲೇ ಬೇಕಾದಷ್ಟು ಜನ ಇದ್ದಾರೆ.

– ಡಿಟಿಪಿ ಕೆಲಸದ ಒಬ್ಬ ಓದುಗರು, ಸಾಗರ, ಶಿವಮೊಗ್ಗ ಜಿಲ್ಲೆ