ನಾಲ್ಕನೆಯಲ್ಲಿ ಬ-2, ಐದನೆಯಲ್ಲಿ ನಪಾಸು: ಶಾಲಾ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಶ್ರೀ ದಾದಾಜಿ ಭುಸೆ ಅವರಿಗೆ,
ಶಾಲಾ ಶಿಕ್ಷಣ ಸಚಿವರು, ಮಹಾರಾಷ್ಟ್ರ ಸರಕಾರ,
ಮಂತ್ರಾಲಯ, ಮುಂಬಯಿ

ಮಾನ್ಯರೆ,

ಮುಂಬಯಿಯ ಕನ್ನಡ ಮಾಧ್ಯಮದ ಪ್ರಾಥಮಿಕ ತರಗತಿಗಳಿಗೆ ಪಾಠ ಹೇಳಿ ನಿವೃತ್ತಳಾದವಳು ನಾನು. ಈ ಪತ್ರದ ಮರಾಠಿ ಪ್ರತಿಯನ್ನು ತಮ್ಮ ಕಚೇರಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ಕನ್ನಡದಲ್ಲಿ ಎಲ್ಲರ ಮುಂದೆ ಇಡುತ್ತಿರುವುದು, ಇಲ್ಲಿ ಹೇಳುತ್ತಿರುವ ಮಕ್ಕಳ ತಂದೆತಾಯಂದಿರೂ ಓದಲಿ, ಓದಲು ಬಾರದವರಿಗೆ ಯಾರಾದರೂ ಓದಿ ಹೇಳಲಿ ಎಂದು.

ನನ್ನ ಅಹವಾಲು ಇಷ್ಟು. ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಗುವಿನ ಕೈಗೆ ಕೊಡುವ ಗ್ರೇಡು ನಿಜ ಹೇಳುತ್ತಿಲ್ಲ. ಐದನೆಯ ತರಗತಿಗೆ ಬಂದೊಡನೆ ಒಮ್ಮೆಲೇ ನಿಜ ಹೇಳಿ, ಅದರ ಶಿಕ್ಷೆಯನ್ನು ಮಗುವಿಗೇ ಕೊಡುತ್ತಿದ್ದೇವೆ.

ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂದಾಗ ಅದರ 16ನೆಯ ಕಲಮು ಎಂಟನೆಯ ತರಗತಿ ಮುಗಿಯುವತನಕ ಯಾವ ಮಗುವನ್ನೂ ಅದೇ ತರಗತಿಯಲ್ಲಿ ಕೂರಿಸಬಾರದು ಎಂದಿತ್ತು. ಮಗುವಿಗೆ ಎಷ್ಟು ತಿಳಿದಿದೆ ಎಂಬುದನ್ನು ವರ್ಷವಿಡೀ ನೋಡುತ್ತ ಅಳೆಯಿರಿ ಎಂದು 29ನೆಯ ಕಲಮು ಹೇಳಿತ್ತು. ಅದೇ ವರ್ಷ ಆಗಸ್ಟಿನಲ್ಲಿ ನಮ್ಮ ರಾಜ್ಯ ‘ಸಾತತ್ಯಪೂರ್ಣ ಸರ್ವಂಕಷ ಮೂಲ್ಯಮಾಪನ’ದ, ಅಂದರೆ ನಿರಂತರ ಮತ್ತು ಸಮಗ್ರ ಮೌಲ್ಯಮಾಪನದ ಆದೇಶ ಹೊರಡಿಸಿತು. ತರಗತಿಯಲ್ಲಿ ದಿನವೂ ನೋಡಿ ಕೊಡುವ ಅಂಕ ‘ಆಕಾರಿಕ’, ಸತ್ರದ, ಅಂದರೆ ಅರ್ಧವರ್ಷದ, ಕೊನೆಯ ಪರೀಕ್ಷೆಯದು ‘ಸಂಕಲಿತ’. ಒಂದು ಮತ್ತು ಎರಡನೆಯ ತರಗತಿಗೆ ಆಕಾರಿಕ 70, ಸಂಕಲಿತ 30. ಮೂರು, ನಾಲ್ಕಕ್ಕೆ 60 ಮತ್ತು 40. ಐದು, ಆರಕ್ಕೆ ಸಮ ಸಮ. ಏಳು, ಎಂಟಕ್ಕೆ 40 ಮತ್ತು 60. ಎರಡನ್ನೂ ಕೂಡಿ ಬಂದ ಮೊತ್ತಕ್ಕೆ ಎಲ್ಲಕ್ಕಿಂತ ಮೇಲಿನ ಅ-1ರಿಂದ ಕೆಳಗಿನ ಇ-2ರವರೆಗೆ ಒಂದು ಶ್ರೇಣಿ.

ಈ ಪದ್ಧತಿಯ ಹಿಂದಿನ ವಿಚಾರವನ್ನು ನಾನು ಇಂದಿಗೂ ಮನಸಾರೆ ಒಪ್ಪುತ್ತೇನೆ. ತಾಯಿಯ ಜೊತೆ ಭಾಜಿ ಮಾರುವ ಹುಡುಗರು ಬಾಯಿಲೆಕ್ಕದಲ್ಲಿ ಕ್ಷಣದಲ್ಲಿ ಚಿಲ್ಲರೆ ಹೇಳುವುದನ್ನೂ, ಅದೇ ಲೆಕ್ಕವನ್ನು ಹಾಳೆಯ ಮೇಲೆ ಬರೆಯಲು ತಡವರಿಸುವುದನ್ನೂ ನೋಡುತ್ತ ಬಂದವಳು ನಾನು. ಅಂಥ ಮಗುವಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ಲಿಖಿತ ಪರೀಕ್ಷೆಯೊಂದೇ ಎಂದೂ ಹೇಳಲಾರದು. ಆದರೆ ಜಾರಿಯಲ್ಲಿ ಏನಾಯಿತು ಎಂಬುದನ್ನು ತಾವು ಯಾವುದೇ ಶಾಲೆಯ ನೋಂದಣಿ ವಹಿಯನ್ನು ತರಿಸಿ ನೋಡಬಹುದು. ತರಗತಿಯಲ್ಲಿ ಮೂವತ್ತು ಮಕ್ಕಳು, ಎಂಟು ವಿಷಯ ಅಂತಿಟ್ಟುಕೊಳ್ಳಿ. ಪ್ರತಿ ವಿಷಯಕ್ಕೂ ನಿರೀಕ್ಷಣೆ (ಗಮನಿಸುವುದು), ಮೌಖಿಕ, ಪ್ರಯೋಗ, ಪ್ರಕಲ್ಪ (ಪ್ರಾಜೆಕ್ಟು), ಸ್ವಾಧ್ಯಾಯ ಎಂದು ಐದೇ ಐದು ಬಾಬತ್ತು ಹಿಡಿದರೂ ಒಂದು ಸತ್ರಕ್ಕೆ 1,200 ನೋಂದಣಿ ಆಗುತ್ತದೆ. ಕನ್ನಡ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾದಂತೆ ಎರಡು ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಒಬ್ಬರೇ ‘ಬಾಯಿ’ (ಇಲ್ಲಿ ಶಿಕ್ಷಕಿಯನ್ನು ಹೀಗೆ ಕರೆಯುತ್ತಾರೆ) ಪಾಠ ಮಾಡುತ್ತಾರೆ. ಚುನಾವಣೆಯ ಕೆಲಸವೂ ಅವರದೇ. ಇಷ್ಟರ ನಡುವೆ ಆ ಚೌಕಗಳು ಸತ್ರದ ಕೊನೆಯ ವಾರದಲ್ಲಿ ತುಂಬುತ್ತವೆ. ವರ್ಣನಾತ್ಮಕ ಷರಾ ಬರೆಯಲು ಸಿದ್ಧ ವಾಕ್ಯಗಳ ಪಟ್ಟಿಯೇ ವಾಟ್ಸಾಪ್‌ನಲ್ಲಿ ಬರುತ್ತದೆ. ‘ವಾಚನದಲ್ಲಿ ಆಸಕ್ತಿ ತೋರುತ್ತಾಳೆ’, ‘ಗುಂಪಿನಲ್ಲಿ ಉತ್ಸಾಹದಿಂದ ಭಾಗವಹಿಸುತ್ತಾನೆ’. ಇಡೀ ತರಗತಿಗೆ ಇಂಥವೇ ಆರೇಳು ವಾಕ್ಯ. ಶಿಕ್ಷಕರನ್ನು ನಾನು ದೂಷಿಸುವುದಿಲ್ಲ. 1,200 ಸಲ ನಿಜ ಬರೆಯಲು ಬೇಕಾದ ಸಮಯವನ್ನು ಅವರಿಗೆ ಯಾರೂ ಕೊಟ್ಟಿಲ್ಲ.

ಇದರ ಪರಿಣಾಮವನ್ನು ಅಂಕಿಯಲ್ಲೇ ಹೇಳುತ್ತೇನೆ. ನಾಲ್ಕನೆಯ ತರಗತಿಯ ಒಂದು ಮಗು ಗಣಿತದ ಸಂಕಲಿತ ಪರೀಕ್ಷೆಯಲ್ಲಿ 40ಕ್ಕೆ 12 ತೆಗೆದುಕೊಂಡಿತು ಎನ್ನಿ, ಅಂದರೆ ನೂರಕ್ಕೆ 30. ಆಕಾರಿಕದಲ್ಲಿ ಎಲ್ಲರಿಗೂ ಕೊಟ್ಟಂತೆ 60ಕ್ಕೆ 50 ಕೊಟ್ಟರೆ ಒಟ್ಟು 62. ಪ್ರಗತಿ ಪುಸ್ತಕದಲ್ಲಿ ‘ಬ-2’ ಎಂದು ಬರುತ್ತದೆ. ಆ ಮಗುವಿಗೆ ದಶಕ ಎರವಲು ತೆಗೆದು ಕಳೆಯುವ ಲೆಕ್ಕ ಬರುವುದಿಲ್ಲ, ಭಾಗಾಕಾರವಂತೂ ದೂರವೇ ಉಳಿಯಿತು. ಆದರೆ ಅಪ್ಪ ಅಮ್ಮನ ಕಣ್ಣಿಗೆ ಬೀಳುವುದು ‘ಬ’ ಮಾತ್ರ. ಪಕ್ಕದ ಮನೆಯವರಿಂದ ಓದಿಸಿಕೊಂಡು, ಮಗಳು ಚೆನ್ನಾಗಿ ಕಲಿಯುತ್ತಿದ್ದಾಳೆ ಎಂದು ನೆಮ್ಮದಿಯಿಂದಿರುತ್ತಾರೆ.

ಮುಂದಿನ ವರ್ಷ ಏನಾಗುತ್ತದೆ ಎಂಬುದು ತಮಗೆ ಗೊತ್ತು. 2019ರಲ್ಲಿ ಸಂಸತ್ತು ಕಾಯ್ದೆಯನ್ನು ತಿದ್ದಿ, ಐದು ಮತ್ತು ಎಂಟನೆಯ ತರಗತಿಗಳಲ್ಲಿ ಪರೀಕ್ಷೆ ನಡೆಸಿ ನಪಾಸಾದವರನ್ನು ಅಲ್ಲೇ ಉಳಿಸಿಕೊಳ್ಳುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿತು. ಮಹಾರಾಷ್ಟ್ರ 2023ರಲ್ಲಿ ನಿಯಮ ಬದಲಿಸಿ 2023-24ರಿಂದಲೇ ಅದನ್ನು ಜಾರಿಗೆ ತಂದಿತು. ಪ್ರತಿ ವಿಷಯದಲ್ಲಿ ನೂರಕ್ಕೆ 35 ಬರಬೇಕು. ಬಾರದಿದ್ದರೆ ಮರುಪರೀಕ್ಷೆ. ಅಲ್ಲೂ ಆಗದಿದ್ದರೆ ಮತ್ತೆ ಐದನೆಯ ತರಗತಿ. ನಾಲ್ಕರಲ್ಲಿ ‘ಬ-2’ ಎಂದು ನಾವೇ ಬರೆದುಕೊಟ್ಟ ಅದೇ ಮಗು, ಅಷ್ಟೇ ತಿಳಿವಳಿಕೆಯಿಂದ, ಐದರಲ್ಲಿ ನಪಾಸಾಗುತ್ತದೆ. ಮಗುವಿನಲ್ಲಿ ಏನೂ ಬದಲಾಗಿರುವುದಿಲ್ಲ. ಅಳತೆಗೋಲು ಮಾತ್ರ ಬದಲಾಗಿದೆ, ಅದೂ ಯಾವ ಮುನ್ಸೂಚನೆಯಿಲ್ಲದೆ.

ಈ ಮಕ್ಕಳು ಯಾರು ಎಂದೂ ತಿಳಿಸಬೇಕು. ಮುಂಬಯಿ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡ ಅವುಗಳಲ್ಲಿ ಒಂದು. ರಾಜ್ಯದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ ಕನ್ನಡದಲ್ಲಿ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. ಇದಕ್ಕೆ ನಾವು ಈ ರಾಜ್ಯಕ್ಕೆ ಕೃತಜ್ಞರು. ಒಂದು ಕಾಲಕ್ಕೆ ಉಡುಪಿ, ಮಂಗಳೂರು ಕಡೆಯಿಂದ ಬಂದು ಹೋಟೆಲುಗಳಲ್ಲಿ ದುಡಿದ ಹುಡುಗರು ಇಲ್ಲಿನ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದರು. ಅವರ ಮೊಮ್ಮಕ್ಕಳು ಈಗ ಇಂಗ್ಲಿಷ್ ಮಾಧ್ಯಮದಲ್ಲಿದ್ದಾರೆ. ಇಂದು ಕನ್ನಡ ಶಾಲೆಯ ಬೆಂಚಿನ ಮೇಲಿರುವವರಲ್ಲಿ ಬಹಳಷ್ಟು ಮಂದಿ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ, ರಸ್ತೆ ಕೆಲಸಕ್ಕೆ ಬಂದವರ ಮಕ್ಕಳು. ಹಲವರ ಮನೆಮಾತು ಲಂಬಾಣಿ. ಶಾಲೆಯಲ್ಲಿ ಕನ್ನಡ, ಬೀದಿಯಲ್ಲಿ ಹಿಂದಿ, ಪುಸ್ತಕದಲ್ಲಿ ಅದರ ಮೇಲೆ ಮರಾಠಿ ಮತ್ತು ಇಂಗ್ಲಿಷ್. ಒಂಬತ್ತು ವರ್ಷದ ಮಗುವಿನ ತಲೆಯಲ್ಲಿ ಐದು ಭಾಷೆಗಳು ಓಡಾಡುತ್ತಿರುತ್ತವೆ. ಯಾವ ಗ್ರೇಡೂ ಇಂದಿನವರೆಗೆ ಆ ಶಕ್ತಿಯನ್ನು ಗುರುತಿಸಿಲ್ಲ.

ಮರಾಠಿಯ ಮಾತು ಬಂದಾಗ ನನ್ನನ್ನು ತಪ್ಪು ತಿಳಿಯಬೇಡಿ. ನಮ್ಮ ಮಕ್ಕಳು ಮರಾಠಿ ಕಲಿಯಲೇಬೇಕು. ಅವರು ಬದುಕುವ ನೆಲದ ಭಾಷೆ ಅದು, ಅದನ್ನು ಕಲಿತವರೇ ಇಲ್ಲಿ ತಲೆಯೆತ್ತಿ ನಡೆದದ್ದು. ನನ್ನ ಪ್ರಶ್ನೆ ನಪಾಸಿನದು. ಕಾಯ್ದೆಯ 4ನೆಯ ಕಲಮಿನ ಪ್ರಕಾರ, ಶಾಲೆಗೆ ಸೇರದೆ ಉಳಿದ ಇಲ್ಲವೆ ನಡುವೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. ಯಾದಗಿರಿಯಲ್ಲಿ ಮೂರನೆಯ ತರಗತಿ ಮುಗಿಸಿ ಬಂದ ಹುಡುಗಿ ಇಲ್ಲಿ ನಾಲ್ಕಕ್ಕೆ ಕೂರುತ್ತಾಳೆ. ಮರಾಠಿ ಬರೆಯುವ ಬಾಲಬೋಧ (ದೇವನಾಗರಿ) ಲಿಪಿಯನ್ನು ಅವಳು ಮೊದಲ ಸಲ ನೋಡುವುದು ಆಗಲೇ. ಎರಡು ವರ್ಷವೂ ತುಂಬದೆ ಮರಾಠಿ ಪತ್ರಿಕೆಯಲ್ಲಿ ಅವಳಿಗೆ ನೂರಕ್ಕೆ 35 ಬರಬೇಕು, ಇಲ್ಲದಿದ್ದರೆ ಕನ್ನಡ, ಗಣಿತ, ಪರಿಸರ ಎಲ್ಲ ಬಂದರೂ ಅವಳು ಅಲ್ಲೇ ಉಳಿಯುತ್ತಾಳೆ. ವಯಸ್ಸಿಗೆ ತಕ್ಕಂತೆ ಸೇರಿಸಿದ ಮಕ್ಕಳಿಗೆ ವಿಶೇಷ ತರಬೇತಿ ಕೊಡಬೇಕೆಂದು 4ನೆಯ ಕಲಮು ಹೇಳುತ್ತದೆ. ಕೊಡುವವರನ್ನು ನಾನು ಕಂಡದ್ದು ಕಡಿಮೆ.

ಸರಕಾರಕ್ಕೆ ಈ ಕಷ್ಟ ಅರ್ಥವಾಗದ್ದೇನೂ ಅಲ್ಲ. 2023ರ ಏಪ್ರಿಲ್‌ನಲ್ಲಿ ಸಿಬಿಎಸ್‌ಇ, ಐಸಿಎಸ್‌ಇಯಂಥ ಇತರ ಮಂಡಳಿಗಳ ಶಾಲೆಗಳಿಗೆ, ಕೋವಿಡ್ ಕಾಲದ ಹಿನ್ನಡೆಯ ಕಾರಣ ಹೇಳಿ, ಮರಾಠಿಗೆ ಕೇವಲ ಗ್ರೇಡು ಕೊಡಿ, ಒಟ್ಟು ಅಂಕಕ್ಕೆ ಸೇರಿಸಬೇಡಿ ಎಂದು ಒಂದು ತಂಡದ ವಿದ್ಯಾರ್ಥಿಗಳಿಗೆ ಮೂರು ವರ್ಷದ ರಿಯಾಯಿತಿ ಸಿಕ್ಕಿತು. ಲಕ್ಷಗಟ್ಟಲೆ ಫೀಸು ಕಟ್ಟುವ ಶಾಲೆಗಳೂ ಅದರಲ್ಲಿದ್ದವು. ಊರು ಬಿಟ್ಟು ಬಂದ ಕೂಲಿಯವರ ಮಗುವಿಗೆ, ಬಂದ ಮೊದಲ ಮೂರು ವರ್ಷ, ಅದೇ ರಿಯಾಯಿತಿ ಕೊಡಿ ಎಂದು ಕೇಳುವುದು ಅತಿಯಾಯಿತೆ?

ಇನ್ನು ಮರುಪರೀಕ್ಷೆ. ನಪಾಸಾದ ಮಗುವಿಗೆ ಹೆಚ್ಚಿನ ಪಾಠ ಹೇಳಿ, ಫಲಿತಾಂಶ ಬಂದ ಎರಡು ತಿಂಗಳೊಳಗೆ ಮತ್ತೆ ಪರೀಕ್ಷೆ ಮಾಡಿ ಎನ್ನುತ್ತದೆ ಕಾಯ್ದೆ. ಕಾಗದದ ಮೇಲೆ ಕರುಣೆಯ ಮಾತು. ಆದರೆ ನಮ್ಮಲ್ಲಿ ಫಲಿತಾಂಶ ಬರುವುದು ಮೇ ತಿಂಗಳ ಆರಂಭದಲ್ಲಿ, ಶಾಲೆ ಮತ್ತೆ ತೆರೆಯುವುದು ಜೂನ್ ನಡುವಿಗೆ. ಆ ಆರು ವಾರ ನಮ್ಮ ಮಕ್ಕಳು ಮುಂಬಯಿಯಲ್ಲಿ ಇರುವುದೇ ಇಲ್ಲ. ಊರಲ್ಲಿ ಮದುವೆ, ಜಾತ್ರೆ, ಮಳೆ ಬೀಳುವ ಮೊದಲು ಹೊಲ ಹಸನು ಮಾಡುವ ಕೆಲಸ. ವರ್ಷಕ್ಕೊಮ್ಮೆ ಅಜ್ಜ ಅಜ್ಜಿಯ ಮುಖ ನೋಡುವ ಕಾಲ ಅದು. ಬಿತ್ತನೆ ಮುಗಿಸಿಯೇ ವಾಪಸು ಬರುವ ಮನೆಗಳೂ ಉಂಟು. ಹೆಚ್ಚಿನ ಪಾಠ ಯಾರಿಗೆ ಹೇಳುವುದು? ವರ್ಷವಿಡೀ ಬರದಿದ್ದದ್ದು ಆರು ವಾರದ ರಜೆಯಲ್ಲಿ, ಪಾಠ ಹೇಳುವ ಬಾಯಿಯೇ ಇಲ್ಲದೆ ಬಂದುಬಿಡುತ್ತದೆ ಎಂದು ನಂಬಿದಂತೆ ಈ ವೇಳಾಪಟ್ಟಿ ಇದೆ.

ನಪಾಸು ಇದ್ದರೇ ಮಕ್ಕಳು ಓದುತ್ತಾರೆ ಎನ್ನುವವರು ನನ್ನ ಸಹೋದ್ಯೋಗಿಗಳಲ್ಲೇ ಅನೇಕರಿದ್ದಾರೆ. ಪಾಲಕರಲ್ಲಂತೂ ಇನ್ನೂ ಹೆಚ್ಚು. “ನಮ್ಮ ಕಾಲದಾಗ ಫೇಲ್ ಮಾಡ್ತಿದ್ರು ಬಾಯಿ, ಅಂಜಿಕಿ ಇತ್ತು” ಎಂದು ತಂದೆಯರು ಹೇಳುತ್ತಾರೆ. ಅವರ ಆತಂಕ ಸುಳ್ಳಲ್ಲ. ಐದನೆಯ ತರಗತಿಗೆ ಬಂದರೂ ಎರಡನೆಯ ತರಗತಿಯ ಪಾಠ ಓದಲಾಗದ ಮಕ್ಕಳು ದೇಶದ ಹಳ್ಳಿಗಳಲ್ಲಿ ಸುಮಾರು ಅರ್ಧದಷ್ಟಿದ್ದಾರೆಂದು, ಮಕ್ಕಳ ಕಲಿಕೆಯನ್ನು ಮನೆಮನೆಗೆ ಹೋಗಿ ಅಳೆಯುವ ಅಸರ್ ಸಮೀಕ್ಷೆಯ ವರದಿಗಳು ಮತ್ತೆ ಮತ್ತೆ ಹೇಳಿವೆ. ಆದರೆ ಅಂಜಿಕೆಯಿಂದ ಭಾಗಾಕಾರ ಬಂದದ್ದನ್ನು ನಾನು ನೋಡಿಲ್ಲ. ನಪಾಸಾದ ಹುಡುಗಿ ಶಾಲೆ ಬಿಟ್ಟು ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಕೂತದ್ದನ್ನು, ಹುಡುಗ ಅಪ್ಪನ ಜೊತೆ ನಾಕಾದಲ್ಲಿ ಕೂಲಿಗೆ ನಿಂತದ್ದನ್ನು ನೋಡಿದ್ದೇನೆ. ಹಿಂದೆ ಬಿದ್ದ ಮಗು ಎರಡನೆಯ ತರಗತಿಯಲ್ಲೇ ಹಿಂದೆ ಬಿದ್ದಿರುತ್ತದೆ. ಅಲ್ಲಿ ಹಿಡಿದು ಎತ್ತದೆ ಐದನೆಯ ಬಾಗಿಲಲ್ಲಿ ತಡೆದರೆ ಅದಕ್ಕೆ ಏನು ಕಲಿಸಿದಂತಾಯಿತು?

ನಮ್ಮ ತವರು ರಾಜ್ಯ ಕರ್ನಾಟಕದಲ್ಲೂ ಐದು, ಎಂಟನೆಯ ತರಗತಿಗಳಿಗೆ ಬೋರ್ಡು ಪರೀಕ್ಷೆ ತರಲು ಹೋಗಿ ಪ್ರಕರಣ ನ್ಯಾಯಾಲಯ ಹತ್ತಿತು. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಫಲಿತಾಂಶಕ್ಕೇ ತಡೆ ಕೊಟ್ಟಿತು. ಅಷ್ಟು ದಿನ ಮಕ್ಕಳು ತಾವು ಬರೆದದ್ದು ಏನಾಯಿತು ಎಂದು ತಿಳಿಯದೆ ಕೂತಿದ್ದರು. ದೊಡ್ಡವರ ಜಗಳಕ್ಕೆ ಹತ್ತು ವರ್ಷದ ಮಕ್ಕಳು ಸಿಕ್ಕಿಕೊಳ್ಳಬಾರದು, ಅಲ್ಲೂ, ಇಲ್ಲೂ.

ಹಾಗಾದರೆ ಏನು ಮಾಡಬೇಕು? ಅಸರ್ ಸಮೀಕ್ಷೆ ನಡೆಸುವ ಪ್ರಥಮ್ ಸಂಸ್ಥೆ 1995ರಲ್ಲಿ ಶುರುವಾದದ್ದು ಇದೇ ಮುಂಬಯಿಯ ಬಸ್ತಿಗಳ ಮಕ್ಕಳಿಗಾಗಿ. ಅವರ ಪರೀಕ್ಷೆ ಒಂದು ಹಾಳೆಯದು. ಮಗುವನ್ನು ಎದುರು ಕೂರಿಸಿಕೊಂಡು ಅಕ್ಷರ ಓದುತ್ತದೆಯೆ, ಶಬ್ದ ಓದುತ್ತದೆಯೆ, ಪ್ಯಾರಾ ಓದುತ್ತದೆಯೆ, ಕತೆ ಓದುತ್ತದೆಯೆ ಎಂದು ನೋಡುತ್ತಾರೆ. ಗಣಿತದಲ್ಲಿ ಅಂಕಿ ಗುರುತಿಸುವುದರಿಂದ ಕಳೆಯುವ ಲೆಕ್ಕ, ಭಾಗಾಕಾರದವರೆಗೆ. ಒಂದು ಮಗುವಿಗೆ ಕೆಲವೇ ನಿಮಿಷ ಸಾಕು. ಮಗು ಎಲ್ಲಿದೆ ಎಂದು ಬಾಯಿಗೂ ಗೊತ್ತಾಗುತ್ತದೆ, ಅಕ್ಷರ ಬಾರದ ತಾಯಿಗೂ ಗೊತ್ತಾಗುತ್ತದೆ. 1,200 ಚೌಕಗಳಿಗಿಂತ ಆ ಒಂದು ಹಾಳೆ ಹೆಚ್ಚು ಹೇಳುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ. ಎರಡನೆಯ ತರಗತಿಯಿಂದಲೇ ಪ್ರತಿ ಸತ್ರದ ಪ್ರಗತಿ ಪುಸ್ತಕದಲ್ಲಿ ಗ್ರೇಡಿನ ಪಕ್ಕ ಇದನ್ನೇ ಸರಳ ವಾಕ್ಯದಲ್ಲಿ ಬರೆಸಿ: ‘ಕನ್ನಡದ ಪ್ಯಾರಾ ತಡೆಯಿಲ್ಲದೆ ಓದುತ್ತಾಳೆ, ಎರವಲು ತೆಗೆದು ಕಳೆಯುವುದು ಇನ್ನೂ ಬರುವುದಿಲ್ಲ, ಮರಾಠಿ ಅಕ್ಷರ ಗುರುತಿಸುತ್ತಾಳೆ.’ ಮಗು ಓದುವ ಭಾಷೆಯಲ್ಲೇ ಬರೆಸಿ. ಪಾಲಕರ ಸಭೆಯಲ್ಲಿ ಓದಿ ಹೇಳಿಸಿ, ಅದೂ ಕೂಲಿ ತಪ್ಪದಂತೆ, ಸಂಜೆಯೋ ರವಿವಾರವೋ. 2020ರ ಶಿಕ್ಷಣ ನೀತಿ ಹೇಳುವ ಸಮಗ್ರ ಪ್ರಗತಿ ಪತ್ರವನ್ನು ತರುವಾಗಲೂ ಹೊಸ ಚೌಕಗಳನ್ನು ಹಳೆಯವುಗಳ ಮೇಲೆ ಪೇರಿಸದೆ, ಹಳೆಯವನ್ನು ತೆಗೆದುಹಾಕಿ.

ಸಂಕಲಿತ ಮತ್ತು ಆಕಾರಿಕ ಅಂಕಗಳನ್ನು ಬೇರೆ ಬೇರೆಯಾಗಿ ಕಾಣುವಂತೆ ಅಚ್ಚು ಹಾಕಿಸುವುದಕ್ಕೆ ಖರ್ಚೇನೂ ಇಲ್ಲ. 12 ಮತ್ತು 50 ಅಕ್ಕಪಕ್ಕದಲ್ಲಿ ಕಂಡರೆ ಯಾವ ತಂದೆಯಾದರೂ ಕೇಳುತ್ತಾನೆ.

ಮರುಪರೀಕ್ಷೆಯನ್ನು ಆಗಸ್ಟ್ ಕೊನೆಗೆ ಇಡಲು ಎರಡು ತಿಂಗಳ ಮಿತಿ ಅಡ್ಡ ಬರುತ್ತದೆ, ಅದು ಸಂಸತ್ತಿನ ಕಾಯ್ದೆ. ಆದರೆ ಯಾರಿಗೆ ಹೆಚ್ಚಿನ ಪಾಠ ಬೇಕು ಎಂಬುದು ಮೊದಲ ಸತ್ರದ ಫಲಿತಾಂಶದಲ್ಲೇ, ದೀಪಾವಳಿಯ ಹೊತ್ತಿಗೇ ಕಾಣುತ್ತದೆ. ದೀಪಾವಳಿ ರಜೆ ಮುಗಿದ ಮೇಲೆ ಮಾರ್ಚ್‌ವರೆಗೆ ಆ ಮಕ್ಕಳಿಗೆ ದಿನಕ್ಕೊಂದು ಗಂಟೆಯ ಪಾಠವನ್ನು ಕಡ್ಡಾಯ ಮಾಡಿ, ಅದಕ್ಕೆ ಕನ್ನಡ ಬಲ್ಲ ಶಿಕ್ಷಕರನ್ನು ನೇಮಿಸಿ. ಆ ಪಾಠ ನಡೆಯದ ಶಾಲೆಯಲ್ಲಿ ಯಾವ ಮಗುವನ್ನೂ ಉಳಿಸಿಕೊಳ್ಳುವ ಹಾಗಿಲ್ಲ ಎಂದು ಆದೇಶದಲ್ಲೇ ಬರೆಯಿರಿ. ಉಳಿಸಿಕೊಳ್ಳಲೇಬೇಕು ಎಂದು 2019ರ ತಿದ್ದುಪಡಿ ರಾಜ್ಯಗಳಿಗೆ ಹೇಳಿಲ್ಲ, ಉಳಿಸಿಕೊಳ್ಳಬಹುದು ಎಂದಷ್ಟೇ ಹೇಳಿದೆ. ಇದಕ್ಕೆ ಸಂಸತ್ತಿಗೆ ಹೋಗಬೇಕಿಲ್ಲ, ರಾಜ್ಯ ಸರಕಾರವೇ ಸಾಕು.

ಹೊರಗಿನಿಂದ ಬಂದ ಮಕ್ಕಳ ಮರಾಠಿಯ ವಿಷಯವನ್ನು ಈ ಶೈಕ್ಷಣಿಕ ವರ್ಷದ ವಾರ್ಷಿಕ ಪರೀಕ್ಷೆಯ ಸುತ್ತೋಲೆ ಹೊರಡುವ ಮೊದಲೇ ತೀರ್ಮಾನಿಸಬೇಕೆಂದು ವಿನಂತಿ. ತಮಿಳು, ತೆಲುಗು, ಗುಜರಾತಿ, ಉರ್ದು, ಹಿಂದಿ ಶಾಲೆಗಳ ಶಿಕ್ಷಕರಿಗೂ ಇದೇ ಅನುಭವ ಇರುತ್ತದೆ, ಅವರನ್ನೂ ಕರೆಸಿ ಕೇಳಿ. ನನ್ನನ್ನು ಕರೆದರೆ ಮಂತ್ರಾಲಯಕ್ಕೆ ಬರಲು ಸಿದ್ಧಳಿದ್ದೇನೆ. ನಾಲ್ಕನೆಯ ಮತ್ತು ಐದನೆಯ ತರಗತಿಯ ಪ್ರಗತಿ ಪುಸ್ತಕಗಳನ್ನು, ಮಕ್ಕಳ ಹೆಸರು ಮುಚ್ಚಿ, ತಮ್ಮ ಮೇಜಿನ ಮೇಲೆ ಜೋಡಿಯಾಗಿ ಇಟ್ಟು ತೋರಿಸುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಶಾಲಾ ಶಿಕ್ಷಕಿ
ವಡಾಲ, ಮುಂಬಯಿ