ವೆಟ್ ವೈಪ್ಸ್: ಪ್ಲಾಸ್ಟಿಕ್ ತೆಗೆದರೆ ಸಾಲದು, ಕಮೋಡಿಗೆ ಹಾಕುವುದೂ ನಿಲ್ಲಬೇಕು

ಮಾನ್ಯ ಸಂಪಾದಕರೇ,

ಪ್ಲಾಸ್ಟಿಕ್ ನಾರು ಬೆರೆತ ವೆಟ್ ವೈಪ್ಸ್ (ಒರೆಸಿ ಎಸೆಯುವ ಒದ್ದೆ ಬಟ್ಟೆ) ಮಾರಾಟಕ್ಕೆ ಬ್ರಿಟನ್ ತೆರೆ ಎಳೆಯುತ್ತಿದೆ. ವೇಲ್ಸ್‌ಗೆ 2026ರ ಡಿಸೆಂಬರ್, ಇಂಗ್ಲೆಂಡಿಗೆ 2027ರ ಮೇ ತಿಂಗಳನ್ನು ಗಡುವಾಗಿ ಗೊತ್ತು ಮಾಡಲಾಗಿದೆ. ಕಾನೂನು ಬರೆಯುವ ಮುನ್ನ, 2023ರ ಅಕ್ಟೋಬರ್–ನವೆಂಬರ್‌ನಲ್ಲಿ ಆರು ವಾರ ಅಲ್ಲಿನ ಸರ್ಕಾರ ಜನಾಭಿಪ್ರಾಯ ಕೇಳಿತ್ತು. ಉತ್ತರಿಸಿದವರಲ್ಲಿ ಶೇ 95ರಷ್ಟು ಮಂದಿ ನಿಷೇಧ ಬೇಕು ಎಂದರು. ಇದು ಇಡೀ ದೇಶದ ಮತವಲ್ಲ, ಆಸಕ್ತಿ ವಹಿಸಿ ಬರೆದವರ ಮತ. ಆದರೂ ತಯಾರಕರು, ನೀರು ಕಂಪನಿಗಳು, ಪರಿಸರ ಸಂಘಟನೆಗಳು, ಸಾಮಾನ್ಯ ಗ್ರಾಹಕರು ಎಲ್ಲರಿಗೂ ಬಾಗಿಲು ತೆರೆದಿದ್ದ ಸಮಾಲೋಚನೆಯಲ್ಲಿ ಇಷ್ಟು ಒಮ್ಮತ ಮೂಡುವುದು ಅಪರೂಪ. ಹಾಗಾಗಿ ಜನ ಒಪ್ಪುತ್ತಾರೋ ಇಲ್ಲವೋ ಎಂಬುದು ಈಗ ಮುಖ್ಯ ಪ್ರಶ್ನೆಯಲ್ಲ. ಜನ ಒಪ್ಪಿದ ನಿಷೇಧದಿಂದ ಯಾವುದು ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂಬುದನ್ನು ನಾವು ಕರ್ನಾಟಕದಲ್ಲಿ ಕುಳಿತು ಈಗಲೇ ಯೋಚಿಸಬೇಕು.

ವೈಪ್ಸ್ ಕಾಗದದಂತೆ ಕಾಣುತ್ತದೆ, ಆದರೆ ಅದು ಕಾಗದವಲ್ಲ. ಟಾಯ್ಲೆಟ್ ಪೇಪರಿನ ಮರದ ನಾರು ಒಂದರಿಂದ ಮೂರು ಮಿಲಿಮೀಟರ್ ಉದ್ದ. ಆ ಎಳೆಗಳು ಒಣಗಿದ್ದಾಗ ಮಾತ್ರ ಒಂದಕ್ಕೊಂದು ಅಂಟಿಕೊಂಡಿರುತ್ತವೆ, ನೀರು ತಾಗಿದೊಡನೆ ಬಿಡಿಸಿಕೊಳ್ಳುತ್ತವೆ. ವೈಪ್ಸ್ ಪೊಟ್ಟಣದೊಳಗೆ ತಿಂಗಳುಗಟ್ಟಲೆ ಒದ್ದೆಯಾಗಿದ್ದೂ ಹರಿಯಬಾರದು. ಅದಕ್ಕಾಗಿ ಸುಮಾರು 38 ಮಿ.ಮೀ. ಉದ್ದದ ಪಾಲಿಯೆಸ್ಟರ್ (ಪ್ಲಾಸ್ಟಿಕ್ ನಾರು) ಮತ್ತು ವಿಸ್ಕೋಸ್ (ಮರದ ತಿರುಳಿನಿಂದ ಮಾಡಿದ ನಾರು) ಎಳೆಗಳನ್ನು ಹರಡಿ, ಭಾರಿ ಒತ್ತಡದ ಸೂಜಿಮೊನೆಯಂಥ ನೀರಿನ ಧಾರೆಯಿಂದ ಒಂದರೊಳಗೊಂದು ಸಿಕ್ಕಿಸಿ ಬಟ್ಟೆ ಮಾಡುತ್ತಾರೆ. ಅಗ್ಗದ ವೈಪ್ಸ್‌ನಲ್ಲಿ ಪಾಲಿಯೆಸ್ಟರ್ ಪಾಲೇ ದೊಡ್ಡದು. ಅದು ನೀರು ಕುಡಿಯುವುದಿಲ್ಲ, ಕೊಳೆಯುವುದೂ ಇಲ್ಲ. ಚದರ ಮೀಟರಿಗೆ 50 ಗ್ರಾಂ ತೂಗುವ ಬಟ್ಟೆಯಿಂದ 15×20 ಸೆಂ.ಮೀ. ಅಳತೆಯ ವೈಪ್ಸ್ ಮಾಡಿದರೆ ಒಣ ತೂಕ ಒಂದೂವರೆ ಗ್ರಾಂ. ಪೊಟ್ಟಣದ ಮೇಲಿನ ‘ಶೇ 99ರಷ್ಟು ನೀರು’ ಎಂಬ ಮಾತು ಅದರಲ್ಲಿ ನೆನೆಸಿದ ದ್ರವದ ಬಗ್ಗೆ. ಬಟ್ಟೆ ಯಾವ ನಾರಿನದು ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಮನೆಯಲ್ಲೇ ಪರೀಕ್ಷಿಸಬಹುದು. ವೈಪ್ಸನ್ನು ಸೋಪಿನಿಂದ ತೊಳೆದು ಪೂರ್ತಿ ಒಣಗಿಸಿ. ಬೆರಳಗಲದ ಒಂದು ಪಟ್ಟಿ ಕತ್ತರಿಸಿ, ಚಿಮ್ಮಟದಲ್ಲಿ ಹಿಡಿದು ತುದಿಗೆ ಬೆಂಕಿ ತಾಗಿಸಿ. ಬರೀ ವಿಸ್ಕೋಸ್ ಅಥವಾ ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರುತ್ತದೆ. ಪಾಲಿಯೆಸ್ಟರ್ ಇದ್ದರೆ ಅಂಚು ಮುದುಡಿ ಕರಗಿ, ತಣಿದ ಮೇಲೆ ಗಟ್ಟಿ ಗುಂಡಾಗಿ ಉಳಿಯುತ್ತದೆ. ಕಿಟಕಿ ತೆರೆದಿರಲಿ, ಪಕ್ಕದಲ್ಲಿ ನೀರಿರಲಿ, ಕರಗಿದ ಗುಂಡನ್ನು ಮುಟ್ಟಬೇಡಿ.

ಈ ಪರೀಕ್ಷೆಯಲ್ಲಿ ಗೆದ್ದ ವೈಪ್ಸ್ ಕೂಡ ಕೊಳವೆ ಕಟ್ಟಿಕೊಳ್ಳುವಂತೆ ಮಾಡುತ್ತದೆ. ನಿಷೇಧದ ಪರ ಮಾತಾಡುವಾಗ ನಾವು ಮರೆಯುವುದು ಇದನ್ನೇ. ವಿಸ್ಕೋಸ್ ಕಾಲಕ್ರಮೇಣ ಕೊಳೆಯುತ್ತದೆ ನಿಜ, ಆದರೆ ಅದಕ್ಕೆ ವಾರಗಳು ಬೇಕು. ಕಮೋಡಿನಿಂದ ಬೀದಿಯ ಮ್ಯಾನ್‌ಹೋಲ್ ತಲುಪಲು ನಿಮಿಷಗಳು ಸಾಕು. 110 ಮಿ.ಮೀ. ಪೈಪಿನ ಬಾಗಿನಲ್ಲೋ ಜೋಡಣೆಯ ಏಣಿನಲ್ಲೋ ಹಳೆಯ ಸುಟ್ಟ ಮಣ್ಣಿನ ಕೊಳವೆಗೆ ನುಗ್ಗಿದ ಬೇರಿನಲ್ಲೋ ಮೊದಲ ತುಂಡು ಸಿಕ್ಕಿಕೊಳ್ಳುತ್ತದೆ. ಹಿಂದೆ ಬಂದವು ಅದನ್ನು ಹಿಡಿದು ಹುರಿಯಂತೆ ಹೊಸೆದುಕೊಳ್ಳುತ್ತವೆ. ಅಡುಗೆಮನೆಯ ಎಣ್ಣೆ ಅದರ ಮೇಲೆ ಕೂತು, ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಸಾಬೂನಿನಂತೆ ಗಟ್ಟಿಯಾಗುತ್ತದೆ. 2017ರಲ್ಲಿ ಲಂಡನ್ನಿನ ವೈಟ್‌ಚಾಪಲ್ ಬೀದಿಯಡಿ ಸಿಕ್ಕ 250 ಮೀಟರ್ ಉದ್ದದ, ಸುಮಾರು 130 ಟನ್ನಿನ ಗಡ್ಡೆ ಬೆಳೆದದ್ದು ಹೀಗೆಯೇ. ಅದೇ ವರ್ಷ ಅಲ್ಲಿನ ನೀರು ಕಂಪನಿಗಳ ಒಕ್ಕೂಟವಾದ ವಾಟರ್ ಯುಕೆ, ಕಟ್ಟಿಕೊಂಡ ಕೊಳವೆಗಳಿಂದ ತೆಗೆದದ್ದನ್ನು ವಿಂಗಡಿಸಿ ನೋಡಿದಾಗ ಶೇ 93ರಷ್ಟು ವೈಪ್ಸ್ ಇತ್ತು. ಥೇಮ್ಸ್ ನದಿಯ ಹ್ಯಾಮರ್‌ಸ್ಮಿತ್ ಸೇತುವೆ ಬಳಿ ವೈಪ್ಸ್ ಮತ್ತು ಕೆಸರು ಸೇರಿ ದಿಬ್ಬವೇ ಎದ್ದಿತ್ತು. 2025ರ ಆಗಸ್ಟಿನಲ್ಲಿ ಅಲ್ಲಿಂದ 100 ಟನ್‌ಗೂ ಹೆಚ್ಚು ರಾಶಿಯನ್ನು ಯಂತ್ರದಿಂದ ಎತ್ತಿದರು.

ಫ್ಲಶ್ ಮಾಡಬಹುದಾದ ವೈಪ್ಸ್‌ಗೆ ಮುದ್ರೆ ಹಾಕುವ ಪ್ರಯೋಗವೂ ಅಲ್ಲಿ ಆಗಿದೆ. 2019ರಲ್ಲಿ ಶುರುವಾದ ‘ಫೈನ್ ಟು ಫ್ಲಶ್’ ಮುದ್ರೆಯನ್ನು 2024ರಲ್ಲಿ ಕೈಬಿಟ್ಟರು. ಒಂದು ಪೊಟ್ಟಣದ ಮೇಲೆ ‘ಹಾಕಬಹುದು’, ಇನ್ನೊಂದರ ಮೇಲೆ ‘ಹಾಕಬಾರದು’ ಎಂದಿದ್ದರೆ ಜನ ಎರಡನ್ನೂ ಹಾಕುತ್ತಾರೆ. ಯಾವ ವೈಪ್ಸ್ ಆದರೂ ಕಸದ ಬುಟ್ಟಿಗೇ ಎಂಬ ಒಂದೇ ಮಾತು ಮನೆಮಂದಿಗೆಲ್ಲ ನೆನಪಿರುತ್ತದೆ.

ಇನ್ನು ನಮ್ಮ ಮಾತು. ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳ 2021ರ ತಿದ್ದುಪಡಿಯಂತೆ 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧವಾದ ವಸ್ತುಗಳಲ್ಲಿ ಕಿವಿ ಬಡ್‌ನ ಪ್ಲಾಸ್ಟಿಕ್ ಕಡ್ಡಿ, ಸ್ಟ್ರಾ, ಚಮಚ, ತಟ್ಟೆಗಳಿವೆ. ಔಷಧದಂಗಡಿಯಲ್ಲಿ ಬಡ್‌ನ ಪಕ್ಕದಲ್ಲೇ ಇರುವ ವೈಪ್ಸ್ ಆ ಪಟ್ಟಿಯಲ್ಲಿಲ್ಲ. ನೀರಿನಿಂದ ತೊಳೆದುಕೊಳ್ಳುವ ನಾಡು ನಮ್ಮದು, ವೈಪ್ಸ್ ಇಲ್ಲಿನ ಅಗತ್ಯವಾಗಿ ಬೇರೂರಿಲ್ಲ. ಈಗ ನಿಲ್ಲಿಸುವುದು ಸುಲಭ, ಹತ್ತು ವರ್ಷ ಬಿಟ್ಟರೆ ಕಷ್ಟ.

ಬೆಂಗಳೂರಿನಲ್ಲಿ ಇದರ ಪೆಟ್ಟು ಮೊದಲು ಬೀಳುವುದು ಅಪಾರ್ಟ್‌ಮೆಂಟಿನ ಎಸ್‌ಟಿಪಿಗೆ (ಕೊಳಚೆನೀರು ಶುದ್ಧೀಕರಣ ಘಟಕಕ್ಕೆ). ಸಲಾಕೆಗಳ ಜಾಲರಿಯ ಸಂದಿಯಲ್ಲಿ ವೈಪ್ಸ್ ಉದ್ದಕ್ಕೆ ಮಡಚಿಕೊಂಡು ನುಸುಳುತ್ತದೆ. ಮುಂದೆ ಸಬ್‌ಮರ್ಸಿಬಲ್ ಪಂಪಿನ ಇಂಪೆಲರಿಗೆ (ನೀರು ತಳ್ಳುವ ಚಕ್ರಕ್ಕೆ) ಸುತ್ತಿಕೊಳ್ಳುತ್ತದೆ. ಮೋಟಾರು ಎಳೆಯುವ ಕರೆಂಟು ಏರಿ ಓವರ್‌ಲೋಡ್ ರಿಲೇ ಟ್ರಿಪ್ ಆಗಿ ಪಂಪ್ ನಿಲ್ಲುತ್ತದೆ, ತೊಟ್ಟಿ ತುಂಬಿ ಬೇಸ್‌ಮೆಂಟಿಗೆ ಉಕ್ಕುತ್ತದೆ. ರಿಲೇಯನ್ನು ಪದೇಪದೇ ರೀಸೆಟ್ ಮಾಡಿ ಓಡಿಸಿದರೆ ಕಾಯಿಲ್ ಸುಡುತ್ತದೆ. ಟ್ರಿಪ್ ಆದೊಡನೆ ವಿದ್ಯುತ್ ಕಡಿತ ಮಾಡಿ, ಸರಪಳಿಯಿಂದ ಪಂಪನ್ನು ಮೇಲೆತ್ತಿ ಬಿಡಿಸಬೇಕು. ಯಾರೂ ತೊಟ್ಟಿಗೆ ಇಳಿಯಕೂಡದು.

ಇಳಿಯುವ ಮಾತು ಬಂದಾಗ ಇದು ಬರೀ ಪರಿಸರದ ವಿಷಯವಾಗಿ ಉಳಿಯುವುದಿಲ್ಲ. ಕೊಳವೆ ತೆರವು ಮಾಡಲು ರಭಸದ ನೀರು ಚಿಮ್ಮಿಸುವ ಜೆಟ್ಟಿಂಗ್ ಯಂತ್ರ ಹೂಳನ್ನು ತಳ್ಳುತ್ತದೆ, ಹೊಸೆದುಕೊಂಡ ಬಟ್ಟೆಯನ್ನು ಕತ್ತರಿಸುವುದಿಲ್ಲ. ಯಂತ್ರ ಸೋತ ಜಾಗದಲ್ಲಿ ಮನುಷ್ಯನನ್ನು ಇಳಿಸುವ ದುರಾಸೆ ಹುಟ್ಟುತ್ತದೆ. ರಕ್ಷಣಾ ಸಲಕರಣೆ ಇಲ್ಲದೆ ಹಾಗೆ ಇಳಿಸುವುದು ಕೈಯಿಂದ ಮಲ ಬಳಿಸುವುದನ್ನು ನಿಷೇಧಿಸಿದ 2013ರ ಕಾಯ್ದೆಯಂತೆ ಅಪರಾಧ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ₹30 ಲಕ್ಷ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಬೇಕಾಗಿ ಬಂತು ಎಂದರೆ ಸಾವು ನಿಂತಿಲ್ಲ ಎಂದೇ ಅರ್ಥ. ಕಮೋಡಿಗೆ ಎಸೆದ ಒಂದೊಂದು ವೈಪ್ಸ್ ಕೂಡ ಆ ಅಪಾಯಕ್ಕೆ ಕೂಡಿಸಿದ್ದು.

ಆದ್ದರಿಂದ ನಮ್ಮ ನಿಯಮದ ಪದಗಳು ಬಿಗಿಯಾಗಿರಬೇಕು. ಪಾಲಿಯೆಸ್ಟರ್, ಪಾಲಿಪ್ರೊಪಿಲಿನ್ ಜೊತೆಗೆ ಪಿಎಲ್‌ಎ (ಪಾಲಿಲ್ಯಾಕ್ಟಿಕ್ ಆಸಿಡ್) ಕೂಡ ಪ್ಲಾಸ್ಟಿಕ್ ಎಂದೇ ಎಣಿಕೆಯಾಗಬೇಕು. ಮೆಕ್ಕೆಜೋಳದಿಂದ ಬಂದರೂ ಅದು ಚರಂಡಿಯ ತಣ್ಣನೆಯ ನೀರಿನಲ್ಲಿ ಕರಗುವುದಿಲ್ಲ, ಕೈಗಾರಿಕಾ ಕಾಂಪೋಸ್ಟಿನ 58 ಡಿಗ್ರಿಯಷ್ಟು ಬಿಸಿ ಅದಕ್ಕೆ ಬೇಕು. ಐರೋಪ್ಯ ಒಕ್ಕೂಟದ 2021ರ ಮಾರ್ಗಸೂಚಿ ಪಿಎಲ್‌ಎಯನ್ನು ಪ್ಲಾಸ್ಟಿಕ್ಕಿಗೆ ಸೇರಿಸಿ, ವಿಸ್ಕೋಸನ್ನು ಹೊರಗಿಟ್ಟಿದೆ. ಪೊಟ್ಟಣದ ಮುಂಭಾಗದಲ್ಲೇ ನಾರಿನ ಹೆಸರು, ಶೇಕಡಾವಾರು ಪಾಲು ಮತ್ತು ‘ಕಮೋಡಿಗೆ ಹಾಕಬೇಡಿ’ ಎಂಬ ಸೂಚನೆ ಕನ್ನಡದಲ್ಲೂ ಇರಲಿ. ಹಾಸಿಗೆ ಹಿಡಿದವರ ಆರೈಕೆಗೆ ಇಂಗ್ಲೆಂಡಿನಂತೆ ಔಷಧದಂಗಡಿಯಲ್ಲಿ ಕೇಳಿ ಪಡೆಯುವ ವಿನಾಯಿತಿ ನ್ಯಾಯವಾದದ್ದು. ಬದಲಿ ನಾರಿಗೆ ದೂರ ಹೋಗಬೇಕಿಲ್ಲ, ಹರಿಹರದ ಎದುರು ದಡದ ಕುಮಾರಪಟ್ಟಣದಲ್ಲೇ ವಿಸ್ಕೋಸ್ ತಯಾರಾಗುತ್ತದೆ. ಹಾಗೆಂದು ವಿಸ್ಕೋಸ್ ನಿರಪಾಯಕಾರಿಯೇನಲ್ಲ. ಅದಕ್ಕೆ ಕಾಸ್ಟಿಕ್ ಸೋಡಾ, ಕಾರ್ಬನ್ ಡೈಸಲ್ಫೈಡ್ ಬೇಕು. ತುಂಗಭದ್ರೆಯ ದಡದ ಜನ 1980ರ ದಶಕದಲ್ಲಿ ನದಿಗೆ ಬಿಡುವ ತ್ಯಾಜ್ಯದ ವಿರುದ್ಧ ಹೋರಾಡಿದ್ದನ್ನು ಮರೆಯುವಂತಿಲ್ಲ. ಬಳಕೆ ತಗ್ಗಿಸುವುದೇ ಮೊದಲ ದಾರಿ. ಮಗುವಿರುವ ಮನೆಯಲ್ಲಿ ಹಳೆಯ ಹತ್ತಿ ಸೀರೆ, ಪಂಚೆಯ 15 ಸೆಂ.ಮೀ. ಚೌಕಗಳನ್ನು ಎರಡು ಡಜನ್ ಮಾಡಿ, ಅಂಚು ಹೊಲಿದು, ಬಳಸಿದ ಮೇಲೆ ತೊಳೆದು ಕುದಿಸಿ ಬಿಸಿಲಿಗೆ ಹಾಕಿದರೆ ದಿನಕ್ಕೆ ಸಾಕಾಗುತ್ತದೆ. ಬಳಸಿದ ವೈಪ್ಸನ್ನು ಡೈಪರಿನಂತೆಯೇ ಪೇಪರಿನಲ್ಲಿ ಸುತ್ತಿ, ಕೆಂಪು ಗುರುತು ಹಾಕಿ, ಪ್ರತ್ಯೇಕವಾಗಿ ಕೊಡಿ.

ಜನಾಭಿಪ್ರಾಯಕ್ಕೆ ನಮ್ಮಲ್ಲೂ ದಾರಿಯಿದೆ. ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳ ತಿದ್ದುಪಡಿಯ ಕರಡನ್ನು ಕೇಂದ್ರ ಸರ್ಕಾರ ರಾಜ್ಯಪತ್ರದಲ್ಲಿ ಹೊರಡಿಸಿ 60 ದಿನ ಆಕ್ಷೇಪಣೆ, ಸಲಹೆ ಕರೆಯುತ್ತದೆ. ಆದರೆ ಆ ಕರಡು ಇಂಗ್ಲಿಷ್, ಹಿಂದಿಯಲ್ಲಿರುತ್ತದೆ. 2020ರಲ್ಲಿ ಪರಿಸರ ಪರಿಣಾಮ ಅಂದಾಜು ಕರಡಿಗೆ ಕನ್ನಡದಲ್ಲಿ ಪ್ರಚಾರ ಸಿಗಲಿಲ್ಲ ಎಂಬ ಪ್ರಶ್ನೆ ಕರ್ನಾಟಕ ಹೈಕೋರ್ಟಿನ ತನಕ ಹೋಗಿತ್ತು. ವೈಪ್ಸನ್ನು ನಿಷೇಧದ ಪಟ್ಟಿಗೆ ಸೇರಿಸಲು ರಾಜ್ಯ ಸರ್ಕಾರ ಕೇಂದ್ರಕ್ಕೆ ಬರೆಯಲಿ. ಕರಡು ಹೊರಬಿದ್ದ ದಿನವೇ ಮಾಲಿನ್ಯ ನಿಯಂತ್ರಣ ಮಂಡಳಿಯ ಜಾಲತಾಣದಲ್ಲಿ ಅದರ ಕನ್ನಡ ಪ್ರತಿ, ಸಲಹೆ ಕಳಿಸುವ ವಿಳಾಸ ಮತ್ತು ಕೊನೆಯ ದಿನಾಂಕ ಸಿಗುವಂತೆ ಮಾಡಲಿ.

— ಕೊಳಚೆನೀರು ಶುದ್ಧೀಕರಣ ಕ್ಷೇತ್ರದ ಎಂಜಿನಿಯರ್, ಬೆಂಗಳೂರು